ಹಿತ್ತಲದ ಹೆಗ್ಗಣ ಹಾಗೂ ಮಕ್ಕಳ ನಿಯಂತ್ರಣದ ಬಗ್ಗೆ

ಸಂಖ್ಯೆ: ವಗೃ/ಹಿತ್ತಲ/ಹೆಗ್ಗಣ/೪೦ (ಪೈಕಿ ೩೯)/೨೦೨೫-೨೬
ದಿನಾಂಕ: ೧೬-೦೬-೨೦೨೫

(ಇಲಾಖೆಗೆ ಮುಜುಗರವಾಗುವ ಸಂಭವವಿರುವುದರಿಂದ ಇಲಾಖೆಯ ಹೆಸರನ್ನು ಕೈಬಿಡಲಾಗಿದೆ.)

ಸುತ್ತೋಲೆ

ವಿಷಯ: ಹುನಗುಂದದ ಇಲಾಖಾ ವಸತಿಗೃಹಗಳ ಹಿತ್ತಲದಲ್ಲಿ ಹೆಗ್ಗಣಗಳನ್ನು, ಹಾಗೂ ಅದೇ ಹಿತ್ತಲದಲ್ಲಿ ಪದೇ ಪದೇ ಕಂಡುಬರುತ್ತಿರುವ ಮಕ್ಕಳನ್ನು, ಸುರಕ್ಷಿತವಾಗಿ ನಿಯಂತ್ರಿಸುವ ಕುರಿತು.

ಉಲ್ಲೇಖ:
೧. ನಿವಾಸಿಗಳ ಮನವಿ, ೨೦೨೨ (ಹೆಗ್ಗಣ).
೨. ಅದೇ ನಿವಾಸಿಗಳ ಜ್ಞಾಪನ ಪತ್ರ, ೨೦೨೩ (ಅದೇ ಹೆಗ್ಗಣ).
೩. ಅದೇ ನಿವಾಸಿಗಳ ಎರಡನೇ ಜ್ಞಾಪನ ಪತ್ರ, ೨೦೨೪ (ಹೆಗ್ಗಣ ಮತ್ತು ಮರಿಗಳು).
೪. ಈ ಕಚೇರಿಯ ಆದೇಶ, ದಿ: ೨೮-೦೪-೨೦೨೫ (ಕರದಂಟು).
೫. ಶ್ರೀ ಮುರ್ತುಜಸಾಬ, ಜವಾನ, ಇವರಿಗೆ ಜಾರಿ ಮಾಡಿದ ಕಾರಣ ಕೇಳುವ ನೋಟಿಸು.
೬. ಶ್ರೀಮತಿ ಬಿಬಿಜಾನ, ಸದರಿಯವರ ಪತ್ನಿ, ಇವರ ಹೇಳಿಕೆ (ಹೆಬ್ಬೆಟ್ಟಿನ ಗುರುತಿನೊಂದಿಗೆ).

೧. ಎಲ್ಲ ನಿವಾಸಿಗಳು, ಅವರ ಅವಲಂಬಿತರು, ಮತ್ತು ಬೇಸಿಗೆಗೆಂದು ಬಂದು ಇನ್ನೂ ಹೋಗಿರದ ಬೀಗರ ಗಮನಕ್ಕೆ ತರಬಯಸುವುದೇನೆಂದರೆ, ಹುನಗುಂದದ ಕಚೇರಿಯ ಬೆನ್ನಿಗೆ ಎಂಟು ವಸತಿಗೃಹಗಳಿದ್ದು, ಎಂಟಕ್ಕೂ ಸೇರಿ ಒಂದೇ ಹಿತ್ತಲವಿರುತ್ತದೆ. ಸದರಿ ಹಿತ್ತಲದಲ್ಲಿ ಒಗೆಯುವ ಕಲ್ಲು ಒಂದು, ಪೇರಲ ಗಿಡ ಒಂದು, ಮಕ್ಕಳು ಎಂಟು, ಹಾಗೂ ಕಚೇರಿಯ ನೆಲಕ್ಕೆ ಹಾಸಿ ಉಳಿದ ಇಳಕಲ್ಲಿನ ಕೆಂಪು ಕಲ್ಲಿನ ರಾಶಿ ಒಂದು ಇರುತ್ತವೆ. ರಾಶಿಯ ಕೆಳಗೆ ಹೆಗ್ಗಣಗಳು ಇರುತ್ತವೆ. ಕಲ್ಲುಗಳು ದಾಸ್ತಾನು ವಹಿಯಲ್ಲಿ ನಮೂದಾಗಿವೆ. ಹೆಗ್ಗಣಗಳು ನಮೂದಾಗಿಲ್ಲ. ಮಕ್ಕಳೂ ನಮೂದಾಗಿಲ್ಲ. ಮುಂದೆ ಉಂಟಾದ ಎಲ್ಲ ಗೊಂದಲಕ್ಕೂ ಇದೇ ಮೂಲವೆಂದು ಅಭಿಪ್ರಾಯಪಡಲಾಗಿದೆ.

೨. ಐದನೇ ಮನೆಯ ಶ್ರೀಮತಿ ಬಿಬಿಜಾನ, ವಯಸ್ಸು ಸುಮಾರು ಐವತ್ತಾರು, ಓದು ಬರಹ ಇಲ್ಲ, ಎಂಟೂ ಮನೆಗಳ ಮಕ್ಕಳಿಂದ ‘ಆಯಿ’ ಎಂದು ಕರೆಯಲ್ಪಡುವವರು, ೨೦೨೨ರಲ್ಲಿಯೇ ಅಧೀಕ್ಷಕರಾದ ಶ್ರೀ ಸಂಗಯ್ಯನವರಿಗೆ ಹಿತ್ತಲದ ಗೋಡೆಯ ಮೇಲಿಂದ ಈ ಕೆಳಗಿನ ಸಲಹೆಯನ್ನು ನೀಡಿರುತ್ತಾರೆ: “ಆ ಕಲ್ಲು ಸರಸ್ರಿ ಸಾಹೇಬ್ರ, ಬಿಲಾ ಮುಚ್ರಿ, ಕಸದ ಡಬ್ಬಿಗೆ ಮುಚ್ಚಳಾ ಹಾಕ್ರಿ. ತಿನ್ನಾಕ ಇಲ್ಲಂದ್ರ, ಇರಾಕ ಇಲ್ಲಂದ್ರ, ಹೆಗ್ಗಣ ತಾವ ಹೊಕ್ಕಾವು.” ಸಲಹೆಯು ಮೌಖಿಕವಾಗಿದ್ದು, ಅಂದಾಜು ಪಟ್ಟಿಯನ್ನು ಹೊಂದಿರದ ಕಾರಣ, ಹಾಗೂ ಯಾವುದೇ ಖರೀದಿಯನ್ನು ಒಳಗೊಂಡಿರದ ಕಾರಣ, ಪರಿಗಣನೆಗೆ ಅರ್ಹವಲ್ಲವೆಂದು ತೀರ್ಮಾನಿಸಲಾಯಿತು.

೩. ಬದಲಾಗಿ ಬಾಗಲಕೋಟೆಯ ಮುಖ್ಯ ಕಚೇರಿಯಲ್ಲಿ ಮೂವರು ಸದಸ್ಯರ ತಾಂತ್ರಿಕ ಸಮಿತಿಯನ್ನು ರಚಿಸಲಾಯಿತು. ಸಮಿತಿಯು ಎರಡು ವರ್ಷ ಅಧ್ಯಯನ ನಡೆಸಿ, ಈ ಭಾಗದ ಹೆಗ್ಗಣಗಳು ಸಾದಾ ಹಿಟ್ಟಿನ ಉಂಡೆಗೆ ಮೋಸಹೋಗುವ ಹಂತವನ್ನು ದಾಟಿವೆ, ಆದ್ದರಿಂದ ವಿಷವನ್ನು ಸಿಹಿತಿಂಡಿಯಾದ ಕರದಂಟಿನಲ್ಲಿಯೇ ಬೆರೆಸತಕ್ಕದ್ದು ಎಂದು ವರದಿ ಸಲ್ಲಿಸಿತು. ಅದರಂತೆ ಅಮೀನಗಡದಿಂದ ಮೂರು ಕಿಲೋ ಉತ್ತಮ ಕರದಂಟು ತರಿಸಲಾಯಿತು. ಹೆಗ್ಗಣಗಳ ಅಭಿರುಚಿಗೆ ಹೊಂದುವುದೇ ಎಂಬುದನ್ನು ಸಮಿತಿಯ ಸದಸ್ಯರು ಸ್ವತಃ, ಪದೇ ಪದೇ, ಪರೀಕ್ಷಿಸಿದರು. ಪರೀಕ್ಷೆಯ ನಂತರ ಉಳಿದ ನಲವತ್ತು ತುಂಡುಗಳಿಗೆ ವಿಷವನ್ನು ಬೆರೆಸಲಾಯಿತು.

ವಿಷದ ಪೊಟ್ಟಣದ ಜೊತೆಗೆ ಬಂದಿದ್ದ ಸೂಚನಾ ಹಾಳೆಯು ಪ್ರತ್ಯೇಕ ದಾಸ್ತಾನು ಆಗಿರುವುದರಿಂದ ಬಾದಾಮಿಯ ಉಗ್ರಾಣದಲ್ಲಿ ಇರಿಸಲಾಗಿತ್ತು. ಅದರಲ್ಲಿ ‘ಮಕ್ಕಳ ಕೈಗೆ ಸಿಗದಂತೆ ಇಡಿ’ ಎಂದು ಇರುವುದು ಜೂನ್ ತಿಂಗಳಲ್ಲಿ ಬೆಳಕಿಗೆ ಬಂದಿದೆ.

೪. ಉಲ್ಲೇಖ (೪)ರ ಆದೇಶವನ್ನು, ಮತ್ತು ಯಾವ ಸ್ಥಳದಲ್ಲಿ ಯಾವ ತುಂಡು ಎಂಬ ನಕಾಶೆಯನ್ನು, ದ್ವಿತೀಯ ದರ್ಜೆ ಸಹಾಯಕರಾದ ಶ್ರೀ ದುಂಡೇಶ ಅವರು ಸಿದ್ಧಪಡಿಸಿದರು. ಸದರಿಯವರು ಎರಡನೇ ಮನೆಯ ನಿವಾಸಿ. ಪತ್ನಿ ಶ್ರೀಮತಿ ಜಯಶ್ರೀ, ಮಗಳು ಕುಮಾರಿ ಗೀತಾಂಜಲಿ, ವಯಸ್ಸು ಮೂರೂವರೆ. ಈ ಸುತ್ತೋಲೆಯ ಕರಡನ್ನು ಬರೆಯುತ್ತಿರುವವರೂ ಅವರೇ ಆಗಿರುವುದರಿಂದ, ಅವರ ಮನಸ್ಸಿನ ವಿಚಾರಗಳನ್ನು ಇಲ್ಲಿ ಸೇರಿಸತಕ್ಕದ್ದಲ್ಲವೆಂದು ಅವರಿಗೆ ಸೂಚಿಸಲಾಗಿದೆ. ವಿಷ ಇಡುವ ದಿನದ ಪ್ರಕಟಣೆಯನ್ನು ನಿಯಮಾನುಸಾರ ಬಾಗಲಕೋಟೆಯ ಗಾಜಿನ ಫಲಕದೊಳಗೆ ಅಂಟಿಸಿ ಬೀಗ ಹಾಕಲಾಗಿತ್ತು. ಹುನಗುಂದದ ಮಕ್ಕಳು ಯಾರೂ ಬಂದು ಓದಿಕೊಂಡಿರುವುದಿಲ್ಲ.

೫. ದಿನಾಂಕ ೦೫-೦೫-೨೦೨೫, ಸೋಮವಾರ, ಶಾಲೆಗಳಿಗೆ ರಜೆ. ಬೆಳಿಗ್ಗೆ ಶ್ರೀಮತಿ ಜಯಶ್ರೀಯವರು ತಂಗಿಯ ಮದುವೆಗೆ ರವಿಕೆಯ ಖಣ ತರಲು ಗುಳೇದಗುಡ್ಡಕ್ಕೆ ಹೊರಟರು. ಮಗುವನ್ನೂ ಕರೆದುಕೊಂಡು ಹೋಗುವುದೆಂದು ಎಂಟೂ ಮನೆಗಳಿಗೆ ಹೇಳಿಯಾಗಿತ್ತು. ಆದರೆ ಬಸ್ಸಿನಲ್ಲಿ ನಿಲ್ಲಲು ಸಹ ಸ್ಥಳವಿರದೆ, ಮಗುವು ಅಳತೊಡಗಿದ್ದರಿಂದ, ಅದನ್ನು ಕಚೇರಿಗೆ ತಂದು ತಂದೆಯ ವಶಕ್ಕೆ ಒಪ್ಪಿಸಿದರು. ಮಗುವು ಮಧ್ಯಾಹ್ನದವರೆಗೆ ತಂದೆಯ ಮೇಜಿನ ಕೆಳಗೆ ಕುಳಿತು ರವಾನೆ ವಹಿಯ ಹನ್ನೊಂದು ಪುಟಗಳಿಗೆ ಕಚೇರಿ ಮೊಹರನ್ನು ಒತ್ತಿತು. ಇದನ್ನು ಗಮನಿಸಿದ ಅಧೀಕ್ಷಕರು, ಕಚೇರಿಯ ಆವರಣದಿಂದ ಅನಧಿಕೃತ ವ್ಯಕ್ತಿಯನ್ನು ತೆರವುಗೊಳಿಸುವಂತೆ ಸೂಚಿಸಿದರು.

ಶ್ರೀ ದುಂಡೇಶ ಅವರು ಹಿಂಬಾಗಿಲು ತೆಗೆದು ಮಗುವಿಗೆ, “ಸೀದಾ ಆಯಿ ಮನಿಗೆ ಹೋಗವಾ. ನಡುವ ಎಲ್ಲೂ ನಿಲ್ಲಬ್ಯಾಡ,” ಎಂದು ಹೇಳಿ ಕಳುಹಿಸಿದರು. ಹಿಂಬಾಗಿಲಿನಿಂದ ಐದನೇ ಮನೆಗೆ ಹಿತ್ತಲದ ಮೂಲಕ ಅರವತ್ತು ಹೆಜ್ಜೆ. ಅದೇ ದಿನ, ಅದೇ ಹಿತ್ತಲದಲ್ಲಿ, ತಾವೇ ಬರೆದ ನಕಾಶೆಯಂತೆ ವಿಷ ಇಡಲಾಗುತ್ತಿದೆ ಎಂಬುದು ಏಕೆ ನೆನಪಾಗಲಿಲ್ಲವೆಂದು ಕೇಳಲಾಗಿ, ಸದರಿಯವರು ನಕಾಶೆಯ ಕಚೇರಿ ಪ್ರತಿಯನ್ನು ತಂದು ಮೇಜಿನ ಮೇಲೆ ಇಟ್ಟಿರುತ್ತಾರೆ.

೬. ಆ ವೇಳೆಗಾಗಲೇ ದಿನಗೂಲಿ ನೌಕರನಾದ ಚಂದಪ್ಪನು ನಲವತ್ತೂ ತುಂಡುಗಳನ್ನು ಕಾಗದದ ಮೇಲಿಟ್ಟು ಮುಗಿಸಿದ್ದನು. ಸಂಡಿಗೆ ಒಣಹಾಕಲು ಹೊರಬಂದ ಶ್ರೀಮತಿ ಬಿಬಿಜಾನ ಅವರಿಗೂ ಅವನಿಗೂ ನಡೆದ ಸಂಭಾಷಣೆಯನ್ನು ವಿಚಾರಣೆಯ ವೇಳೆ ಇಬ್ಬರೂ ಒಂದೇ ರೀತಿ ಹೇಳಿರುವುದರಿಂದ ಇಲ್ಲಿ ದಾಖಲಿಸಲಾಗಿದೆ:

“ಏನೋ ಚಂದಪ್ಪಾ, ಏನಿದು ಎಲ್ಲಾ ಕಡೆ ಇಟ್ಟೀಯಲ್ಲ?”

“ಹೆಗ್ಗಣಕ್ಕ ಔಷಧಿ, ಆಯಿ. ಕರದಂಟಿನ್ಯಾಗ ಕಲಸ್ಯಾರ.”

“ಹುಚ್ಚ ಹಿಡದೈತೇನೋ ನಿನಗ? ಹುಡುಗರು ಆಡೂ ಜಾಗಾ ಐತಿ ಇದು!”

“ನಾ ಏನ್ ಮಾಡ್ಲಿ? ಸಾಹೇಬ್ರು ನಕಾಶೆ ಕೊಟ್ಟಾರ. ನಕಾಶೆದಾಗ ಹುಡುಗರಿಲ್ಲ.”

ಚಂದಪ್ಪನ ಈ ಉತ್ತರವು ನಿಯಮಬದ್ಧವಾಗಿದ್ದು, ಅವನ ಮೇಲೆ ಯಾವುದೇ ಕ್ರಮದ ಅಗತ್ಯವಿಲ್ಲವೆಂದು ಪರಿಭಾವಿಸಲಾಗಿದೆ.

೭. ತದನಂತರ ಶ್ರೀಮತಿ ಬಿಬಿಜಾನ ಅವರು, ಯಾವುದೇ ಲಿಖಿತ ಆದೇಶವಿಲ್ಲದೆ, ಪೇರಲ ಗಿಡದ ಕೆಳಗಿದ್ದ ಏಳು ಮಕ್ಕಳನ್ನು ತಮ್ಮ ತಾಬೆಗೆ ತೆಗೆದುಕೊಂಡರು. ಬಳಸಿದ ವಿಧಾನ: “ಒಗ್ಗರಣಿ ಚುರಮರಿ ಮಾಡೇನಿ! ಮೊದಲ ಬಂದವರಿಗೆ ಶೇಂಗಾ ಜಾಸ್ತಿ!” ಎಂದು ಕೂಗುವುದು. ಆ ಹೊತ್ತಿಗೆ ಚುರಮರಿ ಮಾಡಿರಲಿಲ್ಲವೆಂಬುದು ವಿಚಾರಣೆಯಲ್ಲಿ ಸಾಬೀತಾಗಿದ್ದು, ಸುಳ್ಳು ಮಾಹಿತಿ ನೀಡಿ ಅಪ್ರಾಪ್ತರನ್ನು ಸ್ಥಳಾಂತರಿಸಿದ ಆರೋಪ ಪಟ್ಟಿಯ ಮೊದಲನೇ ಅಂಶ ಇದಾಗಿರುತ್ತದೆ. ಮಕ್ಕಳನ್ನು ಒಳಗೆ ಹಾಕಿ, ಹೊರಗಿನಿಂದ ಚಿಲಕ ಹಾಕಿ, ಒಲೆಯ ಇಕ್ಕಳವನ್ನು ತೆಗೆದುಕೊಂಡು, ಸರಕಾರದ ವಿಷವನ್ನು ಒಂದೊಂದಾಗಿ ಹಳೆಯ ಡಬ್ಬಿಯೊಳಗೆ ಆರಿಸಿ ಹಾಕತೊಡಗಿದರು.

ಡಬ್ಬಿಯಲ್ಲಿ ಮೂವತ್ತೊಂಬತ್ತು ತುಂಡುಗಳಾದವು.

“ಎಷ್ಟು ಇಟ್ಟಿದ್ದಿ?” ಎಂದು ಕೇಳಿದರು.

“ನಲವತ್ತು. ಸಹಿ ಮಾಡಿ ತಗೊಂಡೇನಿ, ಆಯಿ.”

“ಇನ್ನೊಂದ ಸಲ ಎಣಸು.”

ಚಂದಪ್ಪನು ಎಣಿಸಿದನು. ಮೂವತ್ತೊಂಬತ್ತೇ ಇದ್ದವು. ಹೆಗ್ಗಣವು ಒಯ್ದಿರಬಹುದೆಂದು ಅವನು ಅಭಿಪ್ರಾಯಪಟ್ಟನು. ಒಗೆಯುವ ಕಲ್ಲಿನ ಬಳಿಯ ಕಾಗದ ಖಾಲಿಯಿತ್ತು. ಅದರ ಪಕ್ಕದಲ್ಲಿ ಒಂದು ಅಂಗೈ ಉದ್ದದ ಚಪ್ಪಲಿ ಬಿದ್ದಿತ್ತು. ಹೆಗ್ಗಣಗಳು ಚಪ್ಪಲಿ ಧರಿಸುವುದಿಲ್ಲವೆಂಬ ಅಂಶವನ್ನು ಶ್ರೀಮತಿ ಬಿಬಿಜಾನ ಅವರು ತಾಂತ್ರಿಕ ಸಮಿತಿಯ ನೆರವಿಲ್ಲದೆ ಗ್ರಹಿಸಿದರು.

೮. ಕುಮಾರಿ ಗೀತಾಂಜಲಿಯು ಕಲ್ಲಿನ ರಾಶಿಯ ಹಿಂದೆ, ನೆರಳಿನಲ್ಲಿ, ಕುಕ್ಕರಗಾಲಿನಲ್ಲಿ ಕುಳಿತಿದ್ದಳು. ಬಲಗೈಯಲ್ಲಿ ನಲವತ್ತನೇ ತುಂಡು ಇತ್ತು. ತುಂಡಿನ ಮೇಲೆ ಇರುವೆಗಳಿದ್ದವು. ಇರುವೆ ಹತ್ತಿದ ಸಿಹಿಯನ್ನು ಊದಿ ತಿನ್ನಬೇಕೆಂದು ಮನೆಯಲ್ಲಿ ಕಲಿಸಿದ್ದರಿಂದ ಮಗುವು ಊದುತ್ತಿತ್ತು. ಒಂದು ಇರುವೆ ಹಾರಿದರೆ ಎರಡು ಹತ್ತುತ್ತಿದ್ದವು.

ಚಂದಪ್ಪನು ಕೂಗಲು ಬಾಯಿ ತೆರೆದಾಗ ಶ್ರೀಮತಿ ಬಿಬಿಜಾನ ಅವರು ಇಕ್ಕಳದಿಂದ ಅವನ ಮೊಣಕೈಗೆ ತಿವಿದರು (ಆರೋಪ ಪಟ್ಟಿ, ಎರಡನೇ ಅಂಶ). ಕೂಗಿದರೆ ಮಗು ಹೆದರಿ ಬಾಯಿಗೆ ಹಾಕಿಕೊಳ್ಳುವುದೆಂದು ಅವರ ಹೇಳಿಕೆ. ಅವರು ನಾಲ್ಕು ಹೆಜ್ಜೆ ದೂರದಲ್ಲಿಯೇ ನೆಲಕ್ಕೆ ಕುಳಿತರು.

“ಗೀತಾ, ಏನ್ ಮಾಡಾಕತ್ತೀ?”

“ಇರುವಿ ಹೋಗ್ಲಿ ಅಂತ ಕುಂತೇನಿ.”

“ನನಗ ಕೊಡ್ತೀಯೇನವಾ? ಮುಂಜಾನಿಂದ ಏನೂ ತಿಂದಿಲ್ಲ ನಾ.”

ಮಗುವು ತುಂಡನ್ನೂ ಇವರನ್ನೂ ನೋಡಿತು. “ಅರ್ಧಾ ನಿನಗ, ಅರ್ಧಾ ನನಗ.”

“ಭಾಳ ಹಸಿವಿ ಆಗೈತಿ. ಪೂರಾ ಕೊಡು.”

“ಪೂರಾ?”

“ಪೂರಾ. ನಿನಗ ನಾ ಚುರಮರಿ ಕೊಡ್ತೇನಿ.”

ಮಗುವು ಎದ್ದು ಬಂದು, ಕೊನೆಯ ಸಲ ಒಮ್ಮೆ ಊದಿ, ತುಂಡನ್ನು ಅವರ ಅಂಗೈಯಲ್ಲಿ ಇಟ್ಟಿತು. ಅವರು ಅದನ್ನು ಡಬ್ಬಿಗೆ ಹಾಕಿದರು; ಮುಚ್ಚಳವನ್ನು ಚಂದಪ್ಪನು ಹಾಕಿದನು. ಮಗುವಿನ ಎರಡೂ ಕೈಗಳನ್ನು ಸಾಬೂನಿನಿಂದ ತೊಳೆದು, ಬಾಯಿ ಮುಕ್ಕಳಿಸಿ ಉಗುಳಿಸಿದ ಬಳಿಕ, “ನೆಕ್ಕಿದ್ದೇನು?” ಎಂದು ಕೇಳಿದರು.

“ಒಂದ ಸಲ,” ಎಂದು ಮಗುವು ಉತ್ತರಿಸಿತು.

೯. ಇದಾದ ಮೇಲೆ ನಡೆದ ನಿಯಮೋಲ್ಲಂಘನೆಗಳು ಒಂದರ ಬೆನ್ನಿಗೊಂದು ಬಂದಿರುವುದರಿಂದ ಒಟ್ಟಾಗಿ ನಮೂದಿಸಲಾಗಿದೆ. ಶ್ರೀಮತಿ ಬಿಬಿಜಾನ ಅವರು ದಿನಗೂಲಿ ನೌಕರನನ್ನು, “ಇಲ್ಲೇ ಬಾಗಲಾಗ ಕುಂಡ್ರು. ಒಂದ ಹುಡುಗ ಹೊರಗ ಬಂದ್ರೂ ನಿನ್ನ ಬಿಡೂದಿಲ್ಲ,” ಎಂದು ಹೇಳಿ ಬೇರೆ ಕರ್ತವ್ಯಕ್ಕೆ ನಿಯೋಜಿಸಿದರು. ದಾಸ್ತಾನಿಗೆ ಮರಳಿಸಲೆಂದು ಅವನ ಚೀಲದಲ್ಲಿದ್ದ ವಿಷದ ಖಾಲಿ ಪೊಟ್ಟಣವನ್ನು ತೆಗೆದುಕೊಂಡರು. ಮಗುವನ್ನು ಸೊಂಟದ ಮೇಲೆ ಇರಿಸಿಕೊಂಡು, ಸಾರ್ವಜನಿಕರಿಗೆ ಪ್ರವೇಶವಿಲ್ಲದ ಹಿಂಬಾಗಿಲಿನಿಂದ ಕಚೇರಿಯನ್ನು ಹೊಕ್ಕು, ಕರ್ತವ್ಯನಿರತ ನೌಕರರಿಗೆ “ದುಂಡೇಶಾ, ಏಳು” ಎಂದು ಏಕವಚನದಲ್ಲಿ ಹೇಳಿದರು.

ಅಧೀಕ್ಷಕರು ಉಪ್ಪಿನ ನೀರು ಕುಡಿಸಿ ವಾಂತಿ ಮಾಡಿಸುವಂತೆ ಸಲಹೆ ನೀಡಿದರು. “ಬ್ಯಾಡ್ರಿ. ಡಾಕ್ಟರ್ ಏನಂತಾರ ಅದನ್ನ ಮಾಡೂಣು,” ಎಂದು ಅದನ್ನು ತಿರಸ್ಕರಿಸಲಾಯಿತು. ದಾಸ್ತಾನು ಸಾಮಗ್ರಿಯಾದ ಪೊಟ್ಟಣವನ್ನು ಗೇಟ್ ಪಾಸ್ ಇಲ್ಲದೆ ಹೊರಗೆ ಒಯ್ಯಲು ಬರುವುದಿಲ್ಲವೆಂದು ಅಧೀಕ್ಷಕರು ತಿಳಿಸಿದಾಗ, “ಇದನ್ನ ಓದಾಕ ನನಗ ಬರೂದಿಲ್ರಿ. ಡಾಕ್ಟರಿಗೆ ಬರತೈತಿ,” ಎಂದು ಹೇಳಿ ನಡೆದೇಬಿಟ್ಟರು. ಶ್ರೀ ದುಂಡೇಶ ಅವರು ಚಲನವಲನ ವಹಿಯಲ್ಲಿ ಸಹಿ ಮಾಡದೆ, ಪಾದರಕ್ಷೆ ಇಲ್ಲದೆ, ಕಚೇರಿಯ ಪೆನ್ನಿನೊಂದಿಗೆ ಹಿಂಬಾಲಿಸಿದರು.

೧೦. ದವಾಖಾನೆಯ ವೈದ್ಯರು ಪೊಟ್ಟಣವನ್ನು ಓದಿ, ಅದನ್ನು ತಂದಿದ್ದು ಬಹಳ ಒಳ್ಳೆಯದಾಯಿತೆಂದೂ, ವಾಂತಿ ಮಾಡಿಸದೆ ಇದ್ದದ್ದು ಇನ್ನೂ ಒಳ್ಳೆಯದಾಯಿತೆಂದೂ ಹೇಳಿ, ಸಂಜೆಯವರೆಗೆ ಮಗುವನ್ನು ಇರಿಸಿಕೊಂಡರು. ಈ ವಿಷದ ಪರಿಣಾಮವು ತಡವಾಗಿ ಕಾಣುವುದರಿಂದ ಮೂರನೇ ದಿನ ರಕ್ತ ಪರೀಕ್ಷೆ ಆಗಬೇಕು, ಅಲ್ಲಿಯವರೆಗೆ ವಸಡಿನಲ್ಲಿ ರಕ್ತ ಕಾಣುವುದೇ ಎಂದು ನೋಡುತ್ತಿರಬೇಕು ಎಂದು ತಿಳಿಸಿದರು.

ಆ ಮೂರು ದಿನಗಳ ಬಗ್ಗೆ ಇಲಾಖೆಯ ಬಳಿ ಹೆಚ್ಚಿನ ದಾಖಲೆಗಳಿಲ್ಲ. ಎರಡನೇ ಮನೆಯಲ್ಲಿ ಖಣದ ಗಂಟನ್ನು ಯಾರೂ ಬಿಚ್ಚಲಿಲ್ಲ. ಶ್ರೀ ದುಂಡೇಶ ಅವರ ಮೇಜಿನಿಂದ ಒಂದು ಕಡತವೂ ಮುಂದೆ ಹೋಗಲಿಲ್ಲ. ತಾಸಿಗೊಮ್ಮೆ ಅವರು ಹಿಂಬಾಗಿಲಿನಿಂದ ಮನೆಗೆ ಹೋಗಿ ಮಗುವಿನ ತುಟಿ ಎತ್ತಿ ನೋಡಿ ಬರುತ್ತಿದ್ದರು. ಎರಡನೇ ದಿನದಿಂದ ಮಗುವು ಯಾರನ್ನು ಕಂಡರೂ ತಾನಾಗಿಯೇ ‘ಆ’ ಎಂದು ಬಾಯಿ ತೆರೆದು ತೋರಿಸತೊಡಗಿತು. ಟಪಾಲಿನವರಿಗೆ ತೋರಿಸಿತು. ಹಾಲಿನವರಿಗೆ ತೋರಿಸಿತು. ಅಧೀಕ್ಷಕರಾದ ಶ್ರೀ ಸಂಗಯ್ಯನವರಿಗೂ ತೋರಿಸಿದ್ದು, ಅವರು ಹಿತ್ತಲದಲ್ಲಿ ಮೊಣಕಾಲೂರಿ, ಕನ್ನಡಕ ಒರೆಸಿಕೊಂಡು, ಎರಡೂ ಸಾಲಿನ ಹಲ್ಲುಗಳನ್ನು ಪರಿಶೀಲಿಸಿರುತ್ತಾರೆ. ಇಂಥ ತಪಾಸಣೆಗೆ ಅವರಿಗೆ ಯಾವುದೇ ಅಧಿಕಾರ ಪ್ರತ್ಯಾಯೋಜಿಸಿರುವುದಿಲ್ಲ.

ಗುರುವಾರ ರಕ್ತ ಪರೀಕ್ಷೆಯ ವರದಿ ಸರಿಯಾಗಿ ಬಂದಿತು.

೧೧. ದಿನಾಂಕ ೧೧-೦೫-೨೦೨೫ರ ಭಾನುವಾರ ಎಂಟೂ ಮನೆಗಳ ನಿವಾಸಿಗಳು ಸಂಘಟಿತರಾಗಿ, ಶ್ರೀಮತಿ ಬಿಬಿಜಾನ ಅವರ ಮೇಲ್ವಿಚಾರಣೆಯಲ್ಲಿ, ಕಲ್ಲಿನ ರಾಶಿಯನ್ನು ಕಚೇರಿಯ ಮುಂಭಾಗಕ್ಕೆ ಸಾಗಿಸಿ, ಬಿಲಗಳಿಗೆ ಕಲ್ಲುಪುಡಿ ಸಿಮೆಂಟು ತುಂಬಿ, ಕಸದ ಡಬ್ಬಿಗಳಿಗೆ ಮುಚ್ಚಳ ಹಾಕಿದರು. ಒಂದು ವಾರದೊಳಗೆ ಹೆಗ್ಗಣಗಳು ಕಾಣೆಯಾದವು. ಇದು ಇಲಾಖೆಯ ಮೂರು ವರ್ಷಗಳ ಸತತ ಪ್ರಯತ್ನದ ಫಲವೆಂದು ಮುಖ್ಯ ಕಚೇರಿಗೆ ವರದಿ ಮಾಡಲಾಗಿದೆ.

೧೨. ಇಂಥ ಘಟನೆಗಳು ಮರುಕಳಿಸದಂತೆ ಕೆಳಕಂಡ ನಿಯಮಗಳನ್ನು ಈ ಕ್ಷಣದಿಂದಲೇ ಪಾಲಿಸಲು ಆದೇಶಿಸಲಾಗಿದೆ:

(ಅ) ಹಿತ್ತಲವನ್ನು ಬಳಸಲಿಚ್ಛಿಸುವ ಮಗುವು ನಮೂನೆ-೭ರಲ್ಲಿ, ಎರಡು ಪ್ರತಿಗಳಲ್ಲಿ, ಮೂರು ದಿನ ಮುಂಚಿತವಾಗಿ ಅರ್ಜಿ ಸಲ್ಲಿಸತಕ್ಕದ್ದು. ತೆವಳುವ ಮಕ್ಕಳಿಗೆ ಒಂದು ಪ್ರತಿ ಸಾಕು.

(ಆ) ಎಚ್ಚರಿಕೆ ಫಲಕವನ್ನು ಇನ್ನು ಮುಂದೆ ಮಕ್ಕಳ ಕಣ್ಣಿನ ಮಟ್ಟಕ್ಕೆ, ಅಂದರೆ ಎರಡು ಅಡಿ ಎತ್ತರದಲ್ಲಿ, ಹಾಕತಕ್ಕದ್ದು. ಓದಲು ಬಾರದ ಮಕ್ಕಳು ಓದಲು ಬರುವ ಮಕ್ಕಳನ್ನು ಜೊತೆಗೆ ಇಟ್ಟುಕೊಂಡೇ ತಿರುಗಾಡತಕ್ಕದ್ದು.

(ಇ) ವಿಷವನ್ನು ಕರದಂಟು, ಲಾಡು, ಪೇಡೆ ಇತ್ಯಾದಿಗಳಲ್ಲಿ ಬೆರೆಸತಕ್ಕದ್ದಲ್ಲ. ಮಕ್ಕಳು ಮುಟ್ಟಲಾರದ ಹಾಗಲಕಾಯಿ ಪಲ್ಯದಲ್ಲಿ ಬೆರೆಸತಕ್ಕದ್ದು. ಹೆಗ್ಗಣಗಳೂ ಮುಟ್ಟದಿದ್ದಲ್ಲಿ, ಅವುಗಳಿಗೆ ತಿಳಿವಳಿಕೆ ಪತ್ರ ನೀಡತಕ್ಕದ್ದು.

(ಈ) ಇಟ್ಟ ವಿಷದ ಲೆಕ್ಕವನ್ನೂ ಹಿತ್ತಲದ ಮಕ್ಕಳ ಲೆಕ್ಕವನ್ನೂ ಒಂದೇ ವಹಿಯಲ್ಲಿ, ಬೇರೆ ಬೇರೆ ಅಂಕಣಗಳಲ್ಲಿ ಇಡತಕ್ಕದ್ದು. ಯಾವುದೇ ಕಾರಣಕ್ಕೂ ಎರಡನ್ನು ಕೂಡಿಸತಕ್ಕದ್ದಲ್ಲ.

(ಉ) ನಲವತ್ತನೇ ತುಂಡಿನ ಮೇಲಿದ್ದ ಇರುವೆಗಳಿಗೆ ಪ್ರಶಂಸಾ ಪತ್ರ ನೀಡುವ ನಿವಾಸಿಗಳ ಕೋರಿಕೆಯು ಪರಿಶೀಲನೆಯಲ್ಲಿದೆ. ಇರುವೆಗಳು ಉಪದ್ರವಕಾರಿ ಜೀವಿಗಳ ಪಟ್ಟಿಯಲ್ಲಿ ಮೂರನೇ ಕ್ರಮಾಂಕದಲ್ಲಿ ಇರುವುದರಿಂದಲೂ, ವಿಷ ತಿಂದ ಬಳಿಕ ಹಾಜರಾಗದೇ ಇರುವುದರಿಂದಲೂ, ಕಡತವನ್ನು ಅಭಿಪ್ರಾಯಕ್ಕಾಗಿ ಕಳುಹಿಸಲಾಗಿದೆ.

(ಊ) ಸ್ಥಳ ಬದಲಾಗಿರುವ ಕಲ್ಲುಗಳನ್ನು ದಾಸ್ತಾನು ತಪಾಸಣೆಗೆ ಮುನ್ನ ಯಥಾಸ್ಥಾನಕ್ಕೆ ಮರಳಿಸತಕ್ಕದ್ದು. ಹೆಗ್ಗಣಗಳು ವಸತಿಗೃಹವನ್ನು ತೆರವು ಮಾಡುವಾಗ ನಿರಾಕ್ಷೇಪಣಾ ಪತ್ರ ಪಡೆದಿರದ ಕಾರಣ, ಅವು ಮರಳಿ ಬಂದು ಸದರಿ ಪತ್ರವನ್ನು ಪಡೆದು ಪುನಃ ತೆರಳತಕ್ಕದ್ದು.

೧೩. ಶಿಸ್ತುಕ್ರಮ: ಶ್ರೀಮತಿ ಬಿಬಿಜಾನ ಅವರು ಇಲಾಖೆಯ ನೌಕರರಲ್ಲದ ಕಾರಣ ಅವರ ಮೇಲೆ ಕ್ರಮ ಕೈಗೊಳ್ಳಲು ಅವಕಾಶವಿಲ್ಲ. ಆದ್ದರಿಂದ ಅವರ ಪತಿಗೆ ನೋಟಿಸು ನೀಡಲಾಯಿತು. ಶ್ರೀ ಮುರ್ತುಜಸಾಬ ಅವರು, “ಮೂವತ್ತೈದು ವರ್ಷದಾಗ ಆಕಿ ನನ್ನ ಮಾತ ಕೇಳಿಲ್ರಿ. ನಿಮ್ಮ ನೋಟೀಸ ಕೇಳ್ತಾಳೇನು? ನೀವ ಕರದು ಕೇಳ್ರಿ,” ಎಂದು ಸಮಜಾಯಿಷಿ ನೀಡಿರುತ್ತಾರೆ. ಅದರಂತೆ ದಿನಾಂಕ ೧೨-೦೬-೨೦೨೫ರಂದು ಶ್ರೀಮತಿ ಬಿಬಿಜಾನ ಅವರನ್ನು ಅಧೀಕ್ಷಕರ ಕೊಠಡಿಗೆ ಕರೆಸಿ, ಕುರ್ಚಿ ನೀಡಿ, ‘ಇನ್ನು ಮುಂದೆ ಇಂಥ ಕೃತ್ಯವನ್ನು ಎಸಗುವುದಿಲ್ಲ’ ಎಂಬ ಮುಚ್ಚಳಿಕೆ ಪತ್ರಕ್ಕೆ ಹೆಬ್ಬೆಟ್ಟು ಒತ್ತುವಂತೆ ತಿಳಿಸಲಾಯಿತು. ಪತ್ರದಲ್ಲಿ ಏನಿದೆ ಎಂದು ಅವರು ಕೇಳಿದರು. ಶ್ರೀ ದುಂಡೇಶ ಅವರಿಗೆ ಓದಿ ಹೇಳುವಂತೆ ಸೂಚಿಸಲಾಯಿತು. ಅವರು ಮೊದಲ ಸಾಲನ್ನು ಓದಿ, ಪತ್ರವನ್ನು ಮಡಚಿ ಮೇಜಿನ ಮೇಲಿಟ್ಟರು. ಅಧೀಕ್ಷಕರೂ ಒತ್ತಾಯಿಸಲಿಲ್ಲ.

ಕೊನೆಗೆ ಶ್ರೀಮತಿ ಬಿಬಿಜಾನ ಅವರೇ, “ನಾ ಹೇಳ್ತೇನಿ, ನೀ ಬರಿ,” ಎಂದು ಹೇಳಿ ಬರೆಸಿದ ಹೇಳಿಕೆಯನ್ನು ಒಂದಕ್ಷರವನ್ನೂ ತಿದ್ದದೆ ಈ ಸುತ್ತೋಲೆಯ ಭಾಗವಾಗಿಸಲಾಗಿದೆ:

“ನೀವು ಮತ್ತ ವಿಷಾ ಇಟ್ರ, ನಾ ಮತ್ತ ಏಳೂ ಹುಡುಗರನ್ನ ಒಳಗ ಹಾಕ್ಕೋತೇನಿ. ಎಂಟನೇದನ್ನ ಮೊದಲ ಹಾಕ್ಕೋತೇನಿ.”

ಇದಕ್ಕೆ ಹೆಬ್ಬೆಟ್ಟು ಒತ್ತಿರುತ್ತಾರೆ. ಸಾಕ್ಷಿಯಾಗಿ ಅಧೀಕ್ಷಕರು ಸಹಿ ಮಾಡಿರುತ್ತಾರೆ. ಪ್ರಕರಣವನ್ನು ಮುಕ್ತಾಯಗೊಳಿಸಲಾಗಿದೆ.

ಸಹಿ/-
ಕಚೇರಿ ಮುಖ್ಯಸ್ಥರು
(ಪ್ರವಾಸದಲ್ಲಿರುವುದರಿಂದ ಅವರ ಪರವಾಗಿ ಶ್ರೀ ಸಂಗಯ್ಯ, ಅಧೀಕ್ಷಕರು)

ಪ್ರತಿಗಳು:
೧. ತಾಂತ್ರಿಕ ಸಮಿತಿ, ಬಾಗಲಕೋಟೆ. ಮುಂದಿನ ರುಚಿ ಪರೀಕ್ಷೆಯನ್ನು ವಿಷ ಬೆರೆಸಿದ ನಂತರ ಕೈಗೊಳ್ಳುವ ಸಾಧ್ಯತೆಯನ್ನು ಪರಿಶೀಲಿಸಲು.
೨. ಉಗ್ರಾಣಪಾಲಕರು, ಬಾದಾಮಿ. ಸೂಚನಾ ಹಾಳೆ ತಲುಪಿದೆ. ವಂದನೆಗಳು.
೩. ಶ್ರೀ ಚಂದಪ್ಪ, ದಿನಗೂಲಿ. ಏಳು ಮಕ್ಕಳನ್ನು ಎರಡೂವರೆ ತಾಸು ಕಾಯ್ದ ಕರ್ತವ್ಯಕ್ಕೆ ಹುದ್ದೆ ಇಲ್ಲದಿರುವುದರಿಂದ ಮಾಹಿತಿಗಾಗಿ ಮಾತ್ರ.
೪. ಶ್ರೀ ಮುರ್ತುಜಸಾಬ, ಜವಾನ. ಪತ್ನಿಗೆ ಓದಿ ಹೇಳಲು. ಅವರು 'ಗೊತ್ತೈತಿ' ಎಂದಲ್ಲಿ ಅಷ್ಟಕ್ಕೇ ನಿಲ್ಲಿಸಲು.
೫. ಕುಮಾರಿ ಗೀತಾಂಜಲಿ, ಎರಡನೇ ಮನೆ. ಓದಲು ಕಲಿತ ನಂತರ ಸ್ವೀಕೃತಿ ಸಹಿ ಪಡೆಯತಕ್ಕದ್ದು. ಅಲ್ಲಿಯವರೆಗೆ ಈ ಪ್ರತಿಯನ್ನು ಆಕೆಯ ತಂದೆ ಕಾಯ್ದಿರಿಸತಕ್ಕದ್ದು.